ಹೊನ್ನವ್ವನ ನೀಲಿ ನೀರು

ಮಳೆ ಹಿಡಿದುಕೊಂಡಿತೆಂದರೆ ಎರೆಹೊಲದ ಊರುಗಳಲ್ಲಿ ಮೊದಲು ಕುಂಟುವುದು ಕುರಿ. ಈ ಸಲ ಮುಶಿಗೇರಿಯಲ್ಲಿ ಹಾಗೆಯೇ ಆಯಿತು. ಬೇಕೆಂದಾಗ ಬಾರದ ಮಳೆ ಬೇಡವಾದಾಗ ಬಂದು ಕೂತುಬಿಟ್ಟಿತು. ಹಟ್ಟಿಯ ತುಂಬ ಕೆಸರು. ಆ ಕೆಸರು ಕುರಿಗಳ ಗೊರಸಿನ ಸಂದಿಯಲ್ಲಿ ಕೂತು, ಚರ್ಮ ಕೊಳೆತು, ವಾಸನೆ ಹಿಡಿಯಿತು. ಮುಂಜಾನೆ ನಾಲ್ಕು ಕಾಲಿನಲ್ಲಿ ಮೇಯಲು ಹೋದ ಕುರಿ ಸಂಜೆಗೆ ಮೂರು ಕಾಲಿನಲ್ಲಿ ಮನೆಗೆ ಬರತೊಡಗಿತು.

ಕುರಿ ಸಾಕಿದವರಿಗೆ ಇದು ಹೊಸದಲ್ಲ. ಹಿರಿಯರ ಕಾಲದಿಂದ ಬಂದ ಉಪಾಯವೂ ಇದೆ. ಹಟ್ಟಿಯ ಬಾಗಿಲಲ್ಲಿ ಒಂದು ಸಣ್ಣ ತಗ್ಗು ತೋಡಿ, ಅದರಲ್ಲಿ ಮೈಲುತುತ್ತ ಕರಗಿಸಿದ ನೀರು ನಿಲ್ಲಿಸಿ, ಕುರಿಗಳನ್ನು ಒಂದೊಂದಾಗಿ ಹಾಯಿಸುತ್ತಾರೆ. ಮೈಲುತುತ್ತ ಅಂದರೆ ಗೊತ್ತಲ್ಲ, ಅಂಗಡಿಯಲ್ಲಿ ಸಿಗುವ ನೀಲಿ ಹರಳು. ಅದು ತಾಮ್ರದ ಒಂದು ಉಪ್ಪು.

ಮುಶಿಗೇರಿಯ ಮಾಳವ್ವ ಮತ್ತು ಅವಳ ಗಂಡ ಹನುಮಪ್ಪ ಪ್ರತಿ ಮಳೆಗಾಲದಲ್ಲೂ ಇದನ್ನೇ ಮಾಡುತ್ತ ಬಂದವರು. ಈ ವರ್ಷ ಮಾತ್ರ ಅವರು ಅಂಗಡಿಗೆ ಹೋಗಲಿಲ್ಲ. ಗಜೇಂದ್ರಗಡದ ರಸ್ತೆಯಲ್ಲಿ ಹೊನ್ನವ್ವನ ಮಗನ ತಾಮ್ರದ ಶೆಡ್ಡು ಇದೆ. ಅಲ್ಲಿಗೆ ಕ್ಯಾನು ಹಿಡಿದುಕೊಂಡು ಹೋದರು. ಅಲ್ಲಿ ನೀಲಿ ನೀರು ಪುಕ್ಕಟೆ ಸಿಗುತ್ತಿತ್ತು.

ಪುಕ್ಕಟೆ! ಆ ಮಾತು ಕಿವಿಗೆ ಬಿದ್ದರೆ ಸಾಕು, ಕಾಲು ತಾನಾಗಿಯೇ ಆ ಕಡೆ ತಿರುಗುತ್ತದೆ. ನಿಮ್ಮದು ತಿರುಗುವುದಿಲ್ಲವೆಂದು ಹೇಳಬೇಡಿ, ನಾನು ನಂಬುವುದಿಲ್ಲ.

ಹೊನ್ನವ್ವ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿದ ಮೇಲೆ ನಿಮಗೆ ಅವಳ ಮೇಲೆ ಸಿಟ್ಟು ಬರಬಹುದು. ಅವಳ ತವರು ಜಕ್ಕಲಿ. ತವರುಮನೆಯಲ್ಲಿ ಎಮ್ಮೆಗಳು ಕಟ್ಟಿದ್ದವು. ಬೆಣ್ಣೆ ತೆಗೆದ ಮೇಲೆ ಉಳಿದ ಮಜ್ಜಿಗೆಯನ್ನು ಆ ಮನೆಯವರು ಎಂದೂ ಮಾರಲಿಲ್ಲ. ನಮ್ಮ ಕಡೆಯ ಹಳೆಯ ಮನೆತನಗಳಲ್ಲಿ ಮಜ್ಜಿಗೆ ಮಾರುವುದೆಂದರೆ ನಾಚಿಕೆಯ ಮಾತು. ಹೊತ್ತು ಏರುತ್ತಲೇ ಓಣಿಯ ಹೆಣ್ಣುಮಕ್ಕಳು ಚರಿಗೆ ಹಿಡಿದು ಬಾಗಿಲಿಗೆ ಬರುತ್ತಿದ್ದರು. ಪುಟ್ಟ ಹೊನ್ನವ್ವ ಸೌಟಿನಿಂದ ಹಾಕಿಕೊಡುತ್ತಿದ್ದಳು. ತುಂಬಿದ ಚರಿಗೆ ಹಿಡಿದು ಅವರು ಹೊರಳಿ ಹೋಗುವುದನ್ನು ನೋಡಿದರೆ ಅವಳಿಗೆ ಏನೋ ಹಿಗ್ಗು. ಆ ಹಿಗ್ಗು ಮುದುಕಿಯಾದರೂ ಹೋಗಿಲ್ಲ.

ಈಗ ಅವಳ ಮನೆಯಲ್ಲಿ ಎಮ್ಮೆ ಇಲ್ಲ, ಪಾಕೀಟಿನ ಹಾಲು ಬರುತ್ತದೆ. ಕೊಡಲು ಕೈ ಕಡಿಯುತ್ತದೆ, ಕೊಡಲು ಏನೂ ಇಲ್ಲ. ಇಂಥ ಹೊತ್ತಿನಲ್ಲಿ ಮಗ ಸಂಗನಬಸವ ತಾಮ್ರ ಶುದ್ಧ ಮಾಡುವ ಸಣ್ಣ ಘಟಕ ಹಾಕಿದ.

ಹೊಳೆಆಲೂರಿನಲ್ಲಿ ಹೊಳೆ ಏರಿದಾಗ ನೀರಲ್ಲಿ ಮುಳುಗಿ ಕೆಟ್ಟ ಪಂಪ್‌ಸೆಟ್ ಮೋಟರುಗಳು, ರೋಣ ನರಗುಂದಗಳ ವೈಂಡಿಂಗ್ ಅಂಗಡಿಗಳಲ್ಲಿ ಬಿಚ್ಚಿ ಹಾಕಿದ ಸುಟ್ಟ ತಂತಿ, ಎಲ್ಲ ಅವನ ಶೆಡ್ಡಿಗೆ ಬರುತ್ತವೆ. ಅವನ್ನು ಕರಗಿಸಿ ದಪ್ಪ ಹಲಗೆ ಮಾಡುತ್ತಾರೆ. ಆ ಹಲಗೆಗಳನ್ನು ಆಸಿಡ್ಡು, ಮೈಲುತುತ್ತ ಬೆರೆಸಿದ ನೀರಿನ ತೊಟ್ಟಿಯಲ್ಲಿ ಇಳಿಬಿಟ್ಟು ಕರೆಂಟು ಹಾಯಿಸುತ್ತಾರೆ. ಹೊಲಸು ತಾಮ್ರದ ಹಲಗೆ ಮೆಲ್ಲಗೆ ಕರಗುತ್ತದೆ, ಎದುರಿಗಿರುವ ತೆಳು ತಗಡಿನ ಮೇಲೆ ಚೊಕ್ಕ ತಾಮ್ರ ಬಂದು ಕೂಡುತ್ತದೆ. ಇಷ್ಟೇ ಕೆಲಸ. ಆದರೆ ನಡೆಯುತ್ತ ನಡೆಯುತ್ತ ತೊಟ್ಟಿಯ ನೀರು ಕೆಡುತ್ತದೆ, ಬದಲಿಸಬೇಕಾಗುತ್ತದೆ. ಕೆಟ್ಟ ನೀರೂ ನೋಡಲು ಚಂದದ ನೀಲಿಯೇ.

ಒಂದು ದಿನ ಯಾರೋ ರೈತ ಗೇಟಿನಲ್ಲಿ ನಿಂತು, "ಅಮ್ಮಾರ, ಮೈಲುತುತ್ತದ ನೀರ ಸುಮ್ನ ಇಟ್ಟೀರಲ್ರಿ, ನನಗೊಂದಿಷ್ಟ ಕೊಡ್ರಿ, ಮೆಣಸಿನ ಗಿಡಕ್ಕ ಹೊಡೀತೀನಿ" ಅಂದ. ಹೊನ್ನವ್ವ ಕೊಟ್ಟಳು. ಅವನು ಊರಲ್ಲಿ ಹೇಳಿದ. ಮತ್ತೊಬ್ಬ ಬಂದ. ಬರಬರುತ್ತ ಹೊನ್ನವ್ವ ಗೇಟಿನ ಬಳಿ ಕುರ್ಚಿ ಹಾಕಿಸಿಕೊಂಡಳು. ಪಕ್ಕದಲ್ಲಿ ಡ್ರಮ್ಮು, ಕೈಯಲ್ಲಿ ಕಬ್ಬಿಣದ ಸೌಟು. "ಇನ್ನೊಂದಿಷ್ಟ ಹಾಕ್ಲೇನವಾ? ಕ್ಯಾನ್ ತುಂಬಿಲ್ಲಲ್ಲ" ಅಂತ ಕೇಳಿ ಕೇಳಿ ಹಾಕುತ್ತಿದ್ದಳು.

ಸ್ವಲ್ಪ ದಿನಗಳಲ್ಲಿ ಸೌಟು ಕೆಂಪಾಯಿತು, ತೆಳ್ಳಗಾಯಿತು, ಕಡೆಗೆ ತೂತು ಬಿತ್ತು. ನೀರು ಕೈಗೆ ಸಿಡಿದರೆ ಉರಿಯುತ್ತಿತ್ತು. ಸೀರೆಯ ಸೆರಗಿನಲ್ಲೂ ಸಣ್ಣ ಸಣ್ಣ ತೂತು. ಬೇರೆಯವರಾಗಿದ್ದರೆ, ಕಬ್ಬಿಣವನ್ನೇ ತಿನ್ನುವ ಈ ನೀರು ಎಂಥದಪ್ಪಾ ಎಂದು ಒಂದು ಗಳಿಗೆ ಯೋಚಿಸುತ್ತಿದ್ದರು. ನಮ್ಮ ಹೊನ್ನವ್ವ ಏನು ಮಾಡಿದಳು? ಪ್ಲಾಸ್ಟಿಕ್ ಮಗ್ಗು ತಂದಳು.

ಸೊಸೆ ಶೈಲಶ್ರೀ ಗದಗಿನಲ್ಲಿ ಬಿ.ಎಸ್ಸಿ. ಓದಿದವಳು. ಅವಳು ಒಂದೆರಡು ಸಲ ಹೇಳಿ ನೋಡಿದಳು.

"ಅತ್ತೀ, ಅದು ಅಂಗಡ್ಯಾಗಿನ ಮೈಲುತುತ್ತ ಅಲ್ರಿ. ಅದರಾಗ ಆಸಿಡ್ ಐತಿ, ಇನ್ನೂ ಏನೇನೋ ಅದಾವ. ಮಂದಿಗೆ ಕೊಡಬ್ಯಾಡ್ರಿ."

"ನೀಲಿ ಇಲ್ಲೇನು?"

"ಐತ್ರಿ."

"ತಾಮ್ರದ್ದಲ್ಲೇನು?"

"ಹೌದ್ರಿ, ಆದ್ರ..."

"ಮತ್ತ? ಬಾಗಿಲಿಗೆ ಬಂದವ್ರಿಗೆ ಇಲ್ಲ ಅನ್ನಾಕ ನನಗ ಬರೂದಿಲ್ಲವಾ. ನಿಮ್ಮ ಸಾಲಿಯೊಳಗ ಅದನ್ನ ಕಲಿಸಿದ್ರೇನು?"

ಶೈಲಶ್ರೀ ಗಂಡನ ಮುಖ ನೋಡಿದಳು. ಗಂಡ ಮೊಬೈಲು ನೋಡಿದ.

ಮಾಳವ್ವನ ಹಟ್ಟಿಗೆ ಬರೋಣ. ಪ್ರತಿ ವರ್ಷ ಅಂಗಡಿಯಿಂದ ಒಂದು ಸಣ್ಣ ಪೊಟ್ಟಣ ತಂದು, ಅಳತೆಯಿಂದ ಕರಗಿಸಿ, ಕುರಿ ಹಾಯಿಸಿದ ಕೂಡಲೇ ತಗ್ಗು ಮುಚ್ಚಿಬಿಡುತ್ತಿದ್ದರು. ಈ ವರ್ಷ ಕ್ಯಾನುಗಟ್ಟಲೆ ಬಂದಿತ್ತಲ್ಲ, ಮುಚ್ಚುವ ಗರಜು ಯಾರಿಗಿದೆ? ತಗ್ಗು ಸದಾ ತುಂಬಿಯೇ ಇತ್ತು. ಮಳೆ ಬಂದಾಗ ಉಕ್ಕಿ ಪಕ್ಕದ ಹುಲ್ಲಿಗೆ ಹರಿಯಿತು. ಕುರಿಗಳು ಆ ಹುಲ್ಲು ಮೇಯ್ದವು. ಬಾಯಾರಿದ್ದು ಅಲ್ಲೇ ಬಾಯಿ ಹಾಕಿತು. ಗೊರಸು ಉರಿದಾಗ ನೆಕ್ಕಿಕೊಂಡವು.

ಒಂದು ಮುಂಜಾನೆ ಮಾಳವ್ವನ ಚುಕ್ಕಿ ಏಳಲೇ ಇಲ್ಲ. ಚುಕ್ಕಿ ಅಂದರೆ ಹಣೆಯ ಮೇಲೆ ಬಿಳಿ ಚುಕ್ಕೆಯಿದ್ದ ಕುರಿ. ಗಬ್ಬವಾಗಿತ್ತು. ಇನ್ನೇನು ಮರಿ ಹಾಕಬೇಕಿತ್ತು.

ಮಾಳವ್ವ ನಾಜಮೀನಳನ್ನು ಕರೆಸಿದಳು. ನಾಜಮೀನ ಊರಿನ ಪಶುಸಖಿ. ಮಹಿಳಾ ಸಂಘದಿಂದ ತರಬೇತಿ ಪಡೆದು ಕುರಿ, ಆಡು, ಕೋಳಿಗಳ ಆರೋಗ್ಯ ನೋಡಿಕೊಳ್ಳುತ್ತಾಳೆ. ಅವಳು ಕೂತು ಚುಕ್ಕಿಯ ಕಣ್ಣಿನ ರೆಪ್ಪೆ ಬಿಡಿಸಿದಳು.

"ಮಾಳವ್ವಕ್ಕ, ಇಲ್ಲಿ ನೋಡಬೇ. ಕಣ್ಣ ಅರಿಷಿಣ ಹಚ್ಚಿದ್ಹಂಗ ಆಗೈತಿ."

"ಕಾಮಣಿ ಇರಬೇಕು." ಕಾಮಾಲೆಗೆ ನಮ್ಮ ಕಡೆ ಕಾಮಣಿ ಎನ್ನುತ್ತಾರೆ.

"ಉಚ್ಚಿ ಹ್ಯಾಂಗ ಹೊಂಟೈತಿ?"

"ಕರೇ ಚಹಾದ್ಹಂಗ ಐತಿ ನೋಡು. ನಾ ಮಳಿ ನೀರ ಕುಡದೈತಿ ಅಂದಕೊಂಡಿದ್ದೆ."

ನಾಜಮೀನ ಬಾಗಿಲಿನ ತಗ್ಗಿನತ್ತ ನೋಡಿದಳು. ಅದರ ಸುತ್ತಲಿನ ಹುಲ್ಲು ಸುಟ್ಟ ಹಾಗೆ ಕಂದು ಬಣ್ಣಕ್ಕೆ ತಿರುಗಿತ್ತು. ಅವಳು ಮತ್ತೇನೂ ಕೇಳದೆ ಪಶು ದವಾಖಾನೆಯ ಡಾಕ್ಟರಿಗೆ ಫೋನು ಹಚ್ಚಿದಳು.

ಡಾಕ್ಟರು ಬರುವಷ್ಟರಲ್ಲಿ ಚುಕ್ಕಿ ಹೋಗಿತ್ತು, ಹೊಟ್ಟೆಯಲ್ಲಿದ್ದ ಮರಿಯೊಂದಿಗೆ. ಅವರು ನೋಡುತ್ತಿದ್ದ ಹಾಗೆಯೇ ಇನ್ನೊಂದು ಕುರಿಯೂ ಹೋಯಿತು. ಉಳಿದವಕ್ಕೆ ಔಷಧ ಕೊಟ್ಟು, ಆ ಹುಲ್ಲಿನಿಂದ ದೂರ ಕಟ್ಟಿಸಿ, ತಗ್ಗಿಗೆ ಬೇಲಿ ಹಾಕಿಸಿದರು.

"ಆಕಳು ತಾಮ್ರ ತಡೀತೈತಿ, ಆಡು ಒಂದಿಷ್ಟು ತಡೀತೈತಿ. ಕುರಿ ತಡಿಯೂದಿಲ್ಲ" ಎಂದರು ಡಾಕ್ಟರು. "ದಿನಾ ಒಂದೊಂದಿಷ್ಟು ಹೊಟ್ಟಿಗೆ ಹೋದದ್ದನ್ನ ಅದರ ಲಿವರ್ ಕೂಡಿಟ್ಟಕೊಂತ ಹೋಗತೈತಿ. ಹೊರಗ ಏನೂ ಕಾಣಸೂದಿಲ್ಲ. ಒಂದಿನ ಒಮ್ಮೆಲೇ ರಕ್ತಕ್ಕ ಬಿಡತೈತಿ. ಆವಾಗ ಕಣ್ಣ ಹಳದಿ ಆಗತಾವ, ಉಚ್ಚಿ ಕರ್ರಗ ಆಗತೈತಿ, ಕುರಿ ಉಳಿಯೂದು ಭಾಳ ಕಷ್ಟ."

ಹನುಮಪ್ಪ ಕೇಳಿದ. "ಸರ್, ಪ್ರತಿ ವರ್ಷ ಮೈಲುತುತ್ತದಾಗ ಹಾಯಸೇ ಹಾಯಸ್ತೇವಲ್ರಿ?"

"ಅಳತಿಲೆ ಹಾಯಸ್ತಿದ್ರಿ, ಲಗೂ ಮುಚ್ಚತಿದ್ರಿ. ಇದು ಅಂಗಡೀದೂ ಅಲ್ಲ, ಅಳತೀನೂ ಇಲ್ಲ. ಎಲ್ಲಿಂದ ತಂದ್ರಿ ಇದನ್ನ?"

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ಹೊನ್ನವ್ವನ ಹೆಸರು ಹೇಳಲು ಇಬ್ಬರಿಗೂ ಬಾಯಿ ಬರಲಿಲ್ಲ. ಪಾಪ, ಅವಳು ಎಷ್ಟು ಪ್ರೀತಿಯಿಂದ ತುಂಬಿಕೊಟ್ಟಿದ್ದಳು.

ನಾಜಮೀನಳಿಗೆ ಹೇಳಬೇಕಾಗಿರಲಿಲ್ಲ, ಕ್ಯಾನುಗಳು ಎಲ್ಲಿಂದ ಬರುತ್ತವೆಂದು ಊರಿಗೇ ಗೊತ್ತಿತ್ತು. ಮಧ್ಯಾಹ್ನ ಅವಳು ಮಾಳವ್ವನನ್ನು ಕರೆದುಕೊಂಡು ಶೆಡ್ಡಿಗೆ ಹೋದಳು. ಹೊನ್ನವ್ವ ಕುರ್ಚಿಯಲ್ಲೇ ಇದ್ದಳು.

"ಬಾರವಾ ಮಾಳವ್ವ, ಬಾ. ಕ್ಯಾನ್ ತಂದೀ ಇಲ್ಲೋ?"

ಮಾಳವ್ವ ಬರಿಗೈ ತೋರಿಸಿದಳು. ನಾಜಮೀನಳೇ ಹೇಳಿದಳು. "ಅಮ್ಮಾರ, ಇವರ ಕುರಿ ಎರಡ ಸತ್ತಾವ್ರಿ. ಡಾಕ್ಟರ್ ನೋಡಿ ತಾಮ್ರದ ವಿಷಾ ಅಂದಾರ. ಈ ನೀರಿಂದ ಆಗೇತ್ರಿ."

ಹೊನ್ನವ್ವನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಮುಖ ಕೆಂಪಾಯಿತು.

"ಏನಂದೀ? ನಾ ವಿಷಾ ಹಂಚಾಕತ್ತೀನೇನು? ಎಷ್ಟ ಮಂದಿ ಒಯ್ದಾರ, ಯಾರಿಗೇನಾಗೇತಿ? ಮಳಿಗೆ ಕುರಿ ಸಾಯತಾವ. ಅದಕ್ಕ ನನ್ನ ನೀರ ಏನ್ ಮಾಡೀತು?"

"ಅಮ್ಮಾರ, ಸಿಟ್ಟ ಆಗಬ್ಯಾಡ್ರಿ. ನೀವು ಬೇಕಂತ..."

"ತಾಮ್ರದ ತಂಬಗಿಯೊಳಗ ನೀರಿಟ್ಟು ಕುಡದ್ರ ಚಲೋ ಅಂತಾರ. ನಾ ದಿನಾ ಕುಡೀತೀನಿ. ಇದೂ ತಾಮ್ರದ ನೀರನ ಹೌದಲ್ಲೋ? ತಡೀ, ನಾನ ಕುಡದ ತೋರಸ್ತೀನಿ, ಆವಾಗರೆ ನಂಬತೀರಿ!"

ಅವಳು ಮಗ್ಗು ಅದ್ದಿ ಎತ್ತಿಯೇಬಿಟ್ಟಳು. ಒಳಗಿಂದ ಓಡಿ ಬಂದ ಶೈಲಶ್ರೀ ಅತ್ತೆಯ ಮಣಿಕಟ್ಟು ಹಿಡಿದಳು. ಮಗ್ಗು ಕೆಳಗೆ ಬಿತ್ತು. ಸಿಮೆಂಟಿನ ನೆಲದ ಮೇಲೆ ನೀರು ಬಿದ್ದ ಕಡೆ ಸುರ್ರೆಂದು ನೊರೆ ಎದ್ದಿತು. ಎಲ್ಲರೂ ಆ ನೊರೆಯನ್ನೇ ನೋಡುತ್ತ ನಿಂತರು.

"ಕುಂದರ್ರಿ ಅತ್ತೀ" ಎಂದಳು ಶೈಲಶ್ರೀ. ಅತ್ತೆಯ ಕೈಯನ್ನು ನೀರಿನಿಂದ ತೊಳೆದಳು. ಆಮೇಲೆ ಶೆಡ್ಡಿನ ಮೂಲೆಯಿಂದ ಆ ಹಳೆಯ ಸೌಟು ತಂದು ಮುಂದಿಟ್ಟಳು.

"ಇದು ಯಾವ ಸೌಟ್ರಿ?"

"ನಂದ. ಕಬ್ಬಿಣದ್ದು."

"ಈ ಕೆಂಪು ಏನ್ ಹತ್ತೇತ್ರಿ?"

"ತುಕ್ಕ."

"ತಿಕ್ಕಿ ನೋಡ್ರಿ."

ಹೊನ್ನವ್ವ ಒಂದು ಹಳೇ ಬಟ್ಟೆ ತೆಗೆದುಕೊಂಡು ತಿಕ್ಕಿದಳು. ತುಕ್ಕು ಹೊಳೆಯುವುದಿಲ್ಲ. ಇದು ಹೊಸ ತಂಬಿಗೆಯಂತೆ ಹೊಳೆಯಿತು.

"ತಾಮ್ರ ಅಲ್ಲೇನ ಇದು!"

"ತಾಮ್ರನ ಅತ್ತೀ. ನೀರಾಗ ಕರಗಿದ್ದ ತಾಮ್ರ ಸೌಟಿನ ಕಬ್ಬಿಣದ ಮ್ಯಾಲೆ ಬಂದ ಕುಂತೈತಿ. ಕಬ್ಬಿಣ ಕರಗಿ ನೀರಿಗೆ ಹೋಗೇತಿ. ಅದಕ್ಕ ಸೌಟು ತೂತ ಬಿತ್ತು." ಶೈಲಶ್ರೀ ತಡೆದು ಕೇಳಿದಳು. "ನಿಮ್ಮ ತವರಾಗ ಬೆಣ್ಣಿ ತಗೀದೇ ಮಜ್ಜಿಗಿ ಕೊಡತಿದ್ರೇನ್ರಿ?"

"ಹುಚ್ಚಿ, ಬೆಣ್ಣಿ ತಗೀದೇ ಯಾರ ಕೊಡತಾರ?"

"ನೀವ ಕೊಡಾಕತ್ತೀರಿ. ಈ ನೀರಾಗ ಇನ್ನೂ ತಾಮ್ರ ಐತಿ. ನಿಕಲ್ ಅನ್ನೂದೊಂದ ಲೋಹ ಐತಿ, ಸ್ಟೀಲಿನ ಭಾಂಡೆಕ್ಕ ಅದನ್ನ ಕೂಡಸ್ತಾರ. ತೊಟ್ಟಿ ತಳದಾಗ ಕರೀ ರಾಡಿ ಕೂಡತೈತಲ್ಲ, ಅದರಾಗ ಬೆಳ್ಳಿ ಐತಿ. ಕಣ್ಣಿಗೆ ಕಾಣದಷ್ಟು ಬಂಗಾರನೂ ಇರತೈತಿ ಅಂತಾರ."

"ಆ ಕರೀ ರಾಡಿ? ಅದನ್ನ ಬಳದು ಗಟಾರಕ್ಕ ಹಾಕಸ್ತಿದ್ದೆನಲ್ಲೇ!"

ನಾಜಮೀನಳಿಗೆ ಅಂಥ ಹೊತ್ತಿನಲ್ಲೂ ನಗು ಬಂತು. ಮಾಳವ್ವನಿಗೆ ಬರಲಿಲ್ಲ.

"ಬೆಲಿ ಬಾಳೂದರ ಜೋಡಿ ವಿಷಾನೂ ಅದರಾಗ ಐತ್ರಿ" ಎಂದು ಶೈಲಶ್ರೀ ಮುಂದುವರಿಸಿದಳು. "ಆರ್ಸೆನಿಕ್ ಅಂತಾರಲ್ಲ ಆ ಪಾಷಾಣ, ಸೀಸ. ಹಳೇ ತಾಮ್ರದಾಗ ಏನೇನ ಹೊಲಸ ಇತ್ತೋ ಅದೆಲ್ಲ ಈಗ ಈ ನೀರಾಗ ಐತಿ. ಅಂಗಡ್ಯಾಗಿನ ಮೈಲುತುತ್ತದಾಗ ಇಷ್ಟೆಲ್ಲ ಇರೂದಿಲ್ಲ. ಬಣ್ಣ ಅಷ್ಟ ಒಂದ."

"ಹಂಗಾರ ಮನ್ಯಾಗ ಕಬ್ಬಿಣ ಹಾಕಿ ತಾಮ್ರ ತಕ್ಕೋಬಹುದಲ್ಲಕ್ಕಾರ?" ನಾಜಮೀನ ಕೇಳಿದಳು. ನಿಮಗೂ ಇದೇ ಪ್ರಶ್ನೆ ಬಂದಿರಬೇಕು.

"ಮಾಡಬಾರ್ದು. ಆಸಿಡ್ಡಿನಾಗ ಕಬ್ಬಿಣ ಬಿದ್ರ ಗ್ಯಾಸ್ ಏಳತೈತಿ. ಪಾಷಾಣ ಇದ್ದ ನೀರಾಗಂತೂ ಎಂಥಾ ಗ್ಯಾಸ್ ಅಂದ್ರ, ಉಸಿರಿನಾಗ ಎಳಕೊಂಡವ ಅಲ್ಲೇ ಹೋಗತಾನ. ಅತ್ತೀ ದಿನಾ ಬಯಲಾಗ ಕುಂತಿದ್ರು, ಅದಕ್ಕ ಉಳದಾರ. ಈ ಕೆಲಸಕ್ಕಂತನ ಘಟಕ ಅದಾವ, ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪಿಗಿ ಕೊಟ್ಟಂಥವು. ಅವರು ಬಂದು ಡ್ರಮ್ ಒಯ್ತಾರ. ಮೊದಲ ತಾಮ್ರ ತಗೀತಾರ, ಆಮ್ಯಾಲೆ ಸುಣ್ಣಾ ಅದು ಇದು ಹಾಕಿ ಆಸಿಡ್ ಸಾಯಸ್ತಾರ, ನಿಕಲ್ ಬ್ಯಾರೆ ಮಾಡತಾರ. ವಿಷಾನ ಗಟ್ಟಿ ಮಾಡಿ ಬ್ಯಾರೆ ಕಡೆ ಇಡತಾರ. ಕಡೀಗೆ ಉಳದ ನೀರು ಪರೀಕ್ಷಾ ಮಾಡೇ ಬಿಡತಾರ. ನಮಗೂ ಒಂದಿಷ್ಟ ತಾಮ್ರದ ಬೆಲಿ ಬರತೈತಿ."

"ಇಷ್ಟೆಲ್ಲಾ ನಿನಗ ಗೊತ್ತಿದ್ರ ನಿನ್ನ ಗಂಡಗ ಯಾಕ ಹೇಳ್ಲಿಲ್ಲ?" ಹೊನ್ನವ್ವ ಸೊಸೆಯನ್ನು ಕೇಳಿದಳು.

ಆಗ ಬಾಗಿಲಲ್ಲಿ ನಿಂತಿದ್ದ ಸಂಗನಬಸವ ಬಾಯಿ ಬಿಟ್ಟ.

"ನನಗ ಗೊತ್ತಿತ್ತವ್ವಾ. ಡ್ರಮ್ ಕೂಡಿಡಬೇಕು, ಅವರಿಗೆ ಫೋನ್ ಮಾಡಬೇಕು, ಗಾಡಿ ಬರೂತನಾ ಕಾಯಬೇಕು. ನೀ ದಿನಾ ಖಾಲಿ ಮಾಡಿ ಕೊಡತಿದ್ದಿ. ನನಗ ಹಗರ ಆಗಿತ್ತ."

ಹೊನ್ನವ್ವ ಮಗನ ಕಡೆ ತಿರುಗಿದಳು. ಬೈಯುತ್ತಾಳೆಂದು ಎಲ್ಲರೂ ಕಾದರು. ಬೈದಿದ್ದರೆ ಅವನಿಗೆ ವಾಸಿಯಿತ್ತು.

"ನನ್ನ ಕೈಲೆ ಮಾಡಿಸಿದೆಲ್ಲೋ ತಮ್ಮಾ" ಅಂದಳು, ಅಷ್ಟೇ.

ಮಾಳವ್ವ ಮುಂದೆ ಬಂದಳು. "ಅಮ್ಮಾರ, ನೀವ ಬೇಕಂತ ಕೊಟ್ಟಿಲ್ಲ ಅನ್ನೂದು ನನಗ ಗೊತ್ತೈತ್ರಿ. ಆದ್ರ ನನ್ನ ಚುಕ್ಕಿ ನಿಮ್ಮ ನೀರಿಂದ ಸತ್ತೈತಿ. ಎರಡೂ ಖರೇನ." ಇಷ್ಟು ಹೇಳಿ, ಶೈಲಶ್ರೀ ಚಹಾ ತರುತ್ತೇನೆ ಅನ್ನುವಷ್ಟರಲ್ಲಿ ಹೊರಟುಹೋದಳು.

ಸಂಗನಬಸವ ಅವತ್ತೇ ಫೋನು ಮಾಡಿದ. ಎರಡು ಕುರಿ ಸತ್ತ ಮೇಲೆ ಮಾಡಿದ ಎಂದು ನಾನು ಹೇಳುತ್ತೇನೆ. ಅವನ ಎದುರಿಗೂ ಹೇಳಿದ್ದೇನೆ, ಅವನು ಇಲ್ಲವೆನ್ನಲಿಲ್ಲ. ಘಟಕದ ಗಾಡಿ ಬಂತು. ದಪ್ಪ ರಬ್ಬರಿನ ಕೈಗವಸು, ಮೊಣಕಾಲುದ್ದದ ಬೂಟು ಹಾಕಿಕೊಂಡ ಇಬ್ಬರು ಇಳಿದರು. ತೊಟ್ಟಿಯ ನೀರನ್ನು ಪಂಪಿನಿಂದ ಮುಚ್ಚಳದ ಡ್ರಮ್ಮುಗಳಿಗೆ ತುಂಬಿದರು. ಕರಿ ರಾಡಿಯನ್ನು ಬೇರೆ ಡಬ್ಬಿಗೆ ಹಾಕಿದರು. ಹೊನ್ನವ್ವ ಕೇಳಿದ್ದಕ್ಕೆ ಅವರಲ್ಲೊಬ್ಬ ಎರಡು ಸಣ್ಣ ಗಾಜಿನ ಸೀಸೆ ತೋರಿಸಿದ. ಒಂದರಲ್ಲಿ ಕೆಂಪು ಪುಡಿ, ಇನ್ನೊಂದರಲ್ಲಿ ಹಸಿರು ಪುಡಿ. ಕೆಂಪಿನದು ತಾಮ್ರ, ಹಸಿರಿನದರಲ್ಲಿ ನಿಕಲ್. ಎರಡೂ ಇಂಥ ನೀರಿನಿಂದಲೇ ತೆಗೆದದ್ದು.

ಹೊನ್ನವ್ವ ಸೀಸೆಗಳನ್ನು ನೋಡಿ ವಾಪಸ್ಸು ಕೊಟ್ಟಳು. ಅವಳ ಮನಸ್ಸು ಅಲ್ಲಿರಲಿಲ್ಲ.

"ತೊಟ್ಟಿಯಾಗಿಂದು ಹೋತು. ಊರಾಗ ಕೊಟ್ಟೇನಲ್ಲ, ಅದು?"

"ಯಾರ್‍ಯಾರಿಗೆ ಕೊಟ್ಟೀರಿ ನೆನಪೈತೇನ್ರಿ?" ಶೈಲಶ್ರೀ ಕೇಳಿದಳು.

"ಕೊಟ್ಟಿದ್ದನ್ನ ನೆನಪ ಇಟ್ಟಕೋಬಾರ್ದು ಅಂತ ನಮ್ಮವ್ವ ಕಲಿಸಿದ್ಲು. ನಾ ಇಟ್ಟಕೊಂಡಿಲ್ಲ."

ಇದು ನಿಜವಾದ ತೊಡಕು. ನೆನಪಿದ್ದರೂ ಏನು? ಒಮ್ಮೆ ಕೊಟ್ಟದ್ದನ್ನು ವಾಪಸ್ಸು ಕೇಳು ಎಂದರೆ ನಮ್ಮ ಹೆಣ್ಣುಮಕ್ಕಳು ಬೇಕಾದರೆ ಉಪವಾಸ ಇರುತ್ತಾರೆ, ಬಾಯಿ ಬಿಡುವುದಿಲ್ಲ. ಹೊನ್ನವ್ವ ಎರಡು ದಿನ ಗೇಟಿಗೆ ಬರಲಿಲ್ಲ. ಯಾರದೋ ಹಟ್ಟಿಯಲ್ಲಿ, ಯಾರದೋ ಹಿತ್ತಿಲಲ್ಲಿ ತನ್ನ ಕೈಯಿಂದ ತುಂಬಿದ ಕ್ಯಾನು ಇದೆ, ಅದರ ಹತ್ತಿರ ಇನ್ನೊಂದು ಚುಕ್ಕಿ ಕಟ್ಟಿದೆ. ಅವಳ ತಲೆಯಲ್ಲಿ ಇದೇ ಒಂದು ವಿಚಾರ.

ಮೂರನೆಯ ದಿನ ಸೊಸೆಯನ್ನು ಕರೆದಳು. "ಆ ಕಸದ ಗಾಡಿ ನೀಲಾಗ ಒಂದ ಫೋನ್ ಹಚ್ಚವಾ."

ಮುಶಿಗೇರಿ ಪಂಚಾಯಿತಿಯ ಕಸದ ಗಾಡಿ ಓಡಿಸುವವಳು ನೀಲಾ. ದಿನಾ ಬೆಳಿಗ್ಗೆ ಮೈಕಿನಲ್ಲಿ ಹಾಡು ಹಚ್ಚಿಕೊಂಡು ಓಣಿ ಓಣಿ ತಿರುಗುತ್ತಾಳೆ. ಮರುದಿನ ಆ ಗಾಡಿ ಊರೊಳಗೆ ಬಂದಾಗ ಹಾಡು ಇರಲಿಲ್ಲ. ಮುಂದಿನ ಸೀಟಿನಲ್ಲಿ ಇಳಕಲ್ ಸೀರೆ ಉಟ್ಟ ಹೊನ್ನವ್ವ ಮೈಕು ಹಿಡಿದು ಕೂತಿದ್ದಳು. ಹಿಂದೆ ಸಂಗನಬಸವನ ಗೂಡ್ಸ್ ಗಾಡಿ, ಅದರಲ್ಲಿ ಮುಚ್ಚಳದ ಡ್ರಮ್ಮುಗಳು, ಕೈಗವಸು ಹಾಕಿಕೊಂಡ ಶೈಲಶ್ರೀ.

"ಹಲೋ ಅನ್ಬೇಕೇನು?" ಅಂದಳು ಹೊನ್ನವ್ವ ನೀಲಾಳಿಗೆ. ಅದೂ ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು. ಕಟ್ಟೆಯ ಮೇಲಿದ್ದವರು ನಕ್ಕರು.

"ನಾ ಹೊನ್ನವ್ವ, ತಾಮ್ರದ ಶೆಡ್ಡಿನಾಕಿ. ನಾ ಕೊಟ್ಟ ನೀಲಿ ನೀರು ಯಾರ್‍ಯಾರ ಮನ್ಯಾಗ ಐತೋ ಅವ್ರು ಅದನ್ನ ವಾಪಸ್ ಕೊಡ್ರಿ. ಹೊಲಕ್ಕ ಹೊಡೀಬ್ಯಾಡ್ರಿ, ಕುರಿಗೆ ಬಳಸಬ್ಯಾಡ್ರಿ. ಚೆಲ್ಲಾಕನೂ ಹೋಗಬ್ಯಾಡ್ರಿ, ಮುಟ್ಟಬ್ಯಾಡ್ರಿ. ನಾವ ಬಂದು ಒಯ್ತೀವಿ."

ಒಬ್ಬ ಕೂಗಿದ. "ಏನ್ರೀ ಅಮ್ಮಾರ, ಕೊಟ್ಟದ್ದ ಇಸಗೊಳ್ಳಾಕ ಬಂದ್ರೇನು?"

ಹೊನ್ನವ್ವನಿಗೆ ಅದು ನಟ್ಟಿತು. ಕಣ್ಣು ತುಂಬಿ ಬಂದವು. ಆದರೆ ಮೈಕು ಕೆಳಗಿಡಲಿಲ್ಲ. "ಹೌದಪಾ, ಇಸಗೊಳ್ಳಾಕ ಬಂದೀನಿ. ಕೊಟ್ಟಿದ್ದು ತಪ್ಪಾಗೇತಿ."

ಮೊದಲು ಬಾಗಿಲು ತೆರೆದವಳು ಚನ್ನವ್ವ. ಅವಳು ಆ ನೀರಿನಿಂದ ತಾಮ್ರದ ಕೊಡ ತಿಕ್ಕುತ್ತಿದ್ದಳು, ಹುಣಸೆಹಣ್ಣಿಗಿಂತ ಲಗೂ ಹೊಳೆಯುತ್ತದೆಂದು. ಅದೇ ಕೊಡದಲ್ಲಿ ಮನೆಮಂದಿ ಕುಡಿಯುವ ನೀರು! ಶೈಲಶ್ರೀ ಆ ಕೊಡದ ನೀರನ್ನು ಚೆಲ್ಲಿಸಿ, ಬೇರೆ ಕೊಡ ಇಡಿಸಿ, ಮಕ್ಕಳನ್ನು ದವಾಖಾನೆಗೆ ತೋರಿಸಿಕೊಂಡು ಬಾ ಎಂದು ಹೇಳಿದಳು. ಲಕ್ಷ್ಮಪ್ಪನ ಮೆಣಸಿನ ಗಿಡಗಳು ಎಲೆ ಸುಟ್ಟು ನಿಂತಿದ್ದವು. ಅವನು ಯಾರಿಗೂ ಹೇಳಿರಲಿಲ್ಲ. "ಪುಕ್ಕಟ ಕೊಟ್ಟವ್ರಿಗೆ ಏನಂತ ಬೈಯೂದ್ರಿ" ಅಂದ ನಾಚಿಕೊಂಡು. ಹೀಗೆ ಒಂದೊಂದೇ ಕ್ಯಾನು ಹೊರಬಂತು. ಆದರೆ ಎಷ್ಟೋ ಬಾಗಿಲು ಮುಚ್ಚಿಯೇ ಇದ್ದವು. ಪುಕ್ಕಟೆ ಬಂದದ್ದನ್ನು ಬಿಟ್ಟುಕೊಡಲು ಮನಸ್ಸು ಬರಬೇಕಲ್ಲ. ಅವರೆಲ್ಲ ಕಿಟಕಿಯಿಂದ ನೋಡುತ್ತಿದ್ದರು.

ಗಾಡಿ ಮಾಳವ್ವನ ಹಟ್ಟಿಯ ಮುಂದೆ ನಿಂತಿತು. ಹೊನ್ನವ್ವ ಮೆಲ್ಲಗೆ ಇಳಿದಳು. ಮಾಳವ್ವ ಹೊರಗೆ ಬಂದು ನಿಂತಳು. ಹನುಮಪ್ಪ ಉಳಿದ ಕ್ಯಾನನ್ನು ತಂದು ಡ್ರಮ್ಮಿನ ಪಕ್ಕದಲ್ಲಿಟ್ಟ.

"ಉಳದ ಕುರಿ ಹ್ಯಾಂಗದಾವವಾ?" ಹೊನ್ನವ್ವ ಕೇಳಿದಳು.

"ಮೇವು ಮುಟ್ಟಾಕತ್ತಾವ್ರಿ. ಡಾಕ್ಟರು ಉಳೀತಾವ ಅಂದಾರ. ಗೊರಸಿಗೆ ಸತುವಿನ ಪುಡಿ ಬರದಕೊಟ್ಟಾರ, ಝಿಂಕ್ ಸಲ್ಫೇಟ್. ಅದೂ ಅಳತಿಲೆ."

"ನಾ ನಿನಗ ಏನ್ ಕೊಟ್ಟರೂ ಚುಕ್ಕಿ ಬರೂದಿಲ್ಲ. ನನ್ನ ಕಡೆ ಕೊಡಾಕ ಏನೂ ಇಲ್ಲವಾ."

ಮಾಳವ್ವ ಮುದುಕಿಯ ಕೈ ನೋಡಿದಳು, ನೀರು ಸಿಡಿದು ಸಿಡಿದು ಕಲೆ ಬಿದ್ದ ಕೈ. ಆಮೇಲೆ ಗಾಡಿಯ ಬಾಗಿಲಿಗೆ ಹೋಗಿ ನೀಲಾಳ ಕಡೆ ಕೈ ಚಾಚಿದಳು.

"ಆ ಮೈಕ್ ಇಲ್ಲಿ ಕೊಡಬೇ."

ಹಿಂದೆಂದೂ ಮೈಕು ಹಿಡಿದವಳಲ್ಲ. ಅದನ್ನು ಬಾಯಿಗೆ ತೀರಾ ಹತ್ತಿರ ಹಿಡಿದದ್ದರಿಂದ ಅವಳ ಉಸಿರೂ ಓಣಿಗೆಲ್ಲ ಕೇಳಿಸಿತು.

"ನಾ ಮಾಳವ್ವ. ಈ ಅಮ್ಮಾರ ಮ್ಯಾಲೆ ಸಿಟ್ಟಿದ್ರ ನನಗಿರಬೇಕು. ಅವ್ರು ಖರೇ ಹೇಳಾಕತ್ತಾರ. ನನ್ನ ಚುಕ್ಕಿ ಹೋತು, ಹೊಟ್ಟ್ಯಾಗ ಮರಿ ಇತ್ತು. ನಿಮ್ಮವು ಇನ್ನೂ ಜೀವಂತ ಅದಾವ. ಬಾಗಲ ತಗೀರಿ."

ಎದುರಿನ ಮನೆಯ ಅಗುಳಿ ಸರಿಯಿತು. ಅದರ ಪಕ್ಕದ್ದು ಸರಿಯಿತು. ಓಣಿಯ ಉದ್ದಕ್ಕೂ ಕ್ಯಾನುಗಳು ಹೊಸ್ತಿಲ ಹೊರಗೆ ಬಂದು ಕೂತವು.

ಓದುವವರೇ, ಕೇಳುವವರೇ, ಇನ್ನು ನಿಮ್ಮ ಸರದಿ. ನೀವು ತಾಮ್ರ ಶುದ್ಧ ಮಾಡುವವರೋ, ಬೆಳ್ಳಿ ತೊಳೆಯುವವರೋ, ಲೋಹಕ್ಕೆ ಲೇಪ ಹಾಕುವವರೋ ಆಗಿದ್ದರೆ, ಬಳಸಿ ಬಿಟ್ಟ ಬಣ್ಣದ ನೀರನ್ನು ಗಟಾರಕ್ಕೆ, ಹಳ್ಳಕ್ಕೆ, ಕೃಷಿ ಹೊಂಡಕ್ಕೆ ಬಿಡಬೇಡಿ, ಯಾರಿಗೂ ದಾನ ಕೊಡಬೇಡಿ. ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ಮೇಲೆ ದೊಡ್ಡದಾಗಿ ವಿಷ ಎಂದು ಬರೆದು, ನೆರಳಲ್ಲಿ ಕೂಡಿಡಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಇರುವ ಘಟಕಕ್ಕೆ ಮಾತ್ರ ಕೊಡಿ. ಅದರಲ್ಲಿರುವ ತಾಮ್ರ, ನಿಕಲ್, ಬೆಳ್ಳಿ ಮತ್ತೆ ಬಳಕೆಗೆ ಬರುತ್ತವೆ, ವಿಷ ನೆಲಕ್ಕೆ ಇಳಿಯುವುದಿಲ್ಲ. ಮನೆಯಲ್ಲಿ ತೆಗೆಯುವ ಸಾಹಸ ಮಾತ್ರ ಬೇಡ.

ನೀವು ಅಂಥ ನೀರನ್ನು ತಂದಿಟ್ಟುಕೊಂಡವರಾಗಿದ್ದರೆ, ಕೊಟ್ಟವರು ಎಷ್ಟೇ ಒಳ್ಳೆಯವರಾಗಿರಲಿ, ಅವರ ಮುಖ ನೋಡಿ ಸುಮ್ಮನಿರಬೇಡಿ. ಮುಚ್ಚಳ ಬಿಗಿ ಮಾಡಿ, ಮಕ್ಕಳ ಕೈಗೆ, ದನಕುರಿಗಳ ಬಾಯಿಗೆ ಸಿಗದಂತೆ ಇಟ್ಟು, ನಿಮ್ಮ ಪಂಚಾಯಿತಿಗೆ ತಿಳಿಸಿ. ಕುರಿಯ ಕಣ್ಣು ಹಳದಿಯಾಗಿದ್ದರೆ ಕಾಮಣಿ ಎಂದು ಕೂಡಬೇಡಿ, ಪಶು ಡಾಕ್ಟರನ್ನು ಕರೆಯಿರಿ. ಇದನ್ನು ಇವತ್ತೇ ಮಾಡಿ. ನಾಳೆ ಬೆಳಿಗ್ಗೆ ನಿಮ್ಮ ಕುರಿಗಳು ಮತ್ತೆ ಆ ಹಟ್ಟಿಯ ಬಾಗಿಲಿನಿಂದಲೇ ಮೇಯಲು ಹೋಗಬೇಕು.